ಜಮನಾ ಕಾಕು ಎಲ್ಲಿರ್ತಾರೆ?

“ಜಮನಾಬಾಯಿ ಇಥೇ ರಾಹತಾತ ಕಾ?”

ಜಮನಾಬಾಯಿ ಇಲ್ಲಿರ್ತಾರಾ ಎಂದು ಹವಾಲ್ದಾರರು ಮರಾಠಿಯಲ್ಲಿ ಕೇಳಿದಾಗ ದೀಪಾಲಿ ಮೆಟ್ಟಿಲ ಮೇಲೆಯೇ ನಿಂತಳು. ಆಗಷ್ಟೇ ಶಾಲೆಯಿಂದ ಬಂದಿದ್ದಳು. ಎದುರುಮನೆಗೆ ಬೀಗ ಹಾಕಿತ್ತು. ಆ ಮನೆಯ ಖೇಮಚಂದ್ ಕಾಕಾ ಮಾರ್ಕೆಟ್ ಯಾರ್ಡಿನ ಡ್ರೈಫ್ರೂಟ್ ಅಂಗಡಿಗೆ ಕೆಲಸಕ್ಕೆ ಹೋಗಿದ್ದರು. ಅವರ ಹೆಂಡತಿ ಜಮನಾ ಕಾಕು ನಾದಿನಿಯ ಬಾಣಂತನಕ್ಕೆಂದು ಹತ್ತು ದಿನದ ಮಟ್ಟಿಗೆ ಪುಣೆಯದೇ ಇನ್ನೊಂದು ಬಡಾವಣೆಯಾದ ಕೋಥರೂಡಕ್ಕೆ ಹೋಗಿದ್ದರು.

ದೀಪಾಲಿ ವಿಜಯಪುರದಿಂದ ಪುಣೆಗೆ ಬಂದು ಒಂದು ವರ್ಷವಾಗಿತ್ತು, ಅಷ್ಟೆ. ಅವಳು ಮರಾಠಿ ಮಾತಾಡಿದರೆ ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಇವತ್ತು ಪೊಲೀಸರ ಜೊತೆಗೇ ಮಾತಾಡುವ ಚಾನ್ಸ್ ಸಿಕ್ಕಿತ್ತು. ‘ಇಲ್ಲಿಲ್ಲ, ಕೋಥರೂಡದಾಗ ಇದ್ದಾರ’ ಎಂದು ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಂಡಳು. ಆಮೇಲೆ ಅದನ್ನೇ ಮರಾಠಿ ಮಾಡಿದಳು.

“ನಾಹೀ. ತ್ಯಾ ಕೋಥರೂಡಲಾ ರಾಹತಾತ.”

“ಮತ್ತೆ ಖೇಮಚಂದ್?”

“ತೇ ಇಥೇಚ ರಾಹತಾತ.” ಅವರು ಇಲ್ಲೇ, ಎಂದಳು.

ಹವಾಲ್ದಾರರು ತಲೆಯಾಡಿಸಿ ಏನೋ ಬರೆದುಕೊಂಡು ಹೋದರು. ಅವರು ನಗಲಿಲ್ಲ. ದೀಪಾಲಿ ಎರಡೆರಡು ಮೆಟ್ಟಿಲು ಜಿಗಿದು ಮನೆಗೆ ಓಡಿದಳು.

ನಾಲ್ಕು ದಿನ ಕಳೆದು, ಶನಿವಾರ ಸಂಜೆ ಖೇಮಚಂದ್ ಕಾಕಾ ದೀಪಾಲಿಯ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್ ಇತ್ತು. ಕುರ್ಚಿಯಲ್ಲಿ ಕೂತರು, ನೀರು ಕೊಟ್ಟರೆ ಬೇಡವೆಂದರು.

“ಅಂಬಾದಾಸಜೀ, ಠಾಣೆಯಿಂದ ಫೋನ್ ಬಂದಿತ್ತು,” ಎಂದು ದೀಪಾಲಿಯ ಅಪ್ಪನಿಗೆ ಹಿಂದಿಯಲ್ಲಿ ಹೇಳಿದರು. “ನನ್ನ ಫೈಲ್ ಮುಂದೆ ಹೋಗುತ್ತಂತೆ. ಜಮನಾಳದು ಹೋಗಲ್ಲವಂತೆ. ‘ಹೆಂಡತಿ ಈ ವಿಳಾಸದಲ್ಲಿ ವಾಸವಿಲ್ಲ’ ಅಂತ ಬರೆದಿದ್ದಾರೆ.”

ಅಪ್ಪನ ಮುಖ ಸಪ್ಪಗಾಯಿತು. ಆ ಎರಡೂ ಅರ್ಜಿಗಳನ್ನು ತುಂಬಲು ಅಪ್ಪನೇ ಸಹಾಯ ಮಾಡಿದ್ದರು. ಮೂವರೂ ಒಂದೇ ದಿನ ಸೈಬರ್ ಕೆಫೆಯಲ್ಲಿ ಕೂತು, ಒಂದಾದ ಮೇಲೆ ಒಂದರಂತೆ ಎರಡನ್ನೂ ಕಳಿಸಿದ್ದರು.

“ಅಪ್ಪಾ, ಯಾತರ ಅರ್ಜಿ ಅದು? ಆಧಾರ್ ಕಾರ್ಡಿಂದಾ?” ದೀಪಾಲಿ ಮೆಲ್ಲಗೆ ಕೇಳಿದಳು.

“ಅಲ್ಲವ್ವಾ. ಪೌರತ್ವದ್ದು. ಇವರು ಪಾಕಿಸ್ತಾನದ ಸಿಂಧ್‌ದಿಂದ ಬಂದವ್ರು. ಇನ್ನ ಮ್ಯಾಲೆ ನೀವೂ ಈ ದೇಶದವ್ರ ಅಂತ ಸರಕಾರ ಬರದು ಕೊಡಬೇಕು.”

“ಹನ್ನೆರಡು ವರ್ಷದ ಹಿಂದೆ ಇಬ್ಬರೂ ಒಂದೇ ರೈಲಿನಲ್ಲಿ ಬಂದೆವು,” ಎಂದರು ಕಾಕಾ. “ಈಗ ನಾನೊಬ್ಬನೇ ಇಲ್ಲಿಯವನು, ಅವಳು ಅಲ್ಲಿಯವಳು ಅಂದರೆ ಹೇಗೆ? ಯಾರು ಹೇಳಿರಬಹುದು ಅಂತ ನನಗೆ ಗೊತ್ತು. ಕೆಳಗಿನ ಮನೆಯ ಮಧ್ವೇಶ. ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಜಗಳ ಆಗಿತ್ತಲ್ಲ, ಅದರ ಸಿಟ್ಟು.”

ದೀಪಾಲಿಗೆ ಮೆಟ್ಟಿಲ ಮೇಲೆ ಸಿಕ್ಕ ಹವಾಲ್ದಾರರು ನೆನಪಾದರು. ಹೇಳಬೇಕೆಂದು ಬಾಯಿ ತೆರೆದಳು. ಆದರೆ ಕಾಕಾನ ಮುಖ ನೋಡಿ ಹಾಗೇ ಮುಚ್ಚಿದಳು. ಒಳಗೆ ಹೋಗಿ ಹೋಮ್‌ವರ್ಕ್ ಬಿಚ್ಚಿದಳು. ಒಂದೇ ಲೆಕ್ಕವನ್ನು ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಹಾಲಿಗೆ ಹೊರಟಾಗ ಮೆಟ್ಟಿಲಲ್ಲಿ ಮಧ್ವೇಶ ಮಾಮಾ ಸಿಕ್ಕರು. ಕೈಯಲ್ಲಿ ಪೇಪರ್ ಹಿಡಿದಿದ್ದರು. “ಏನವ್ವಾ, ರವಿವಾರನೂ ಲಗೂನ ಎದ್ದೀ?” ಎಂದು ನಕ್ಕರು. ದೀಪಾಲಿಗೆ ಅವರ ಮುಖ ನೋಡಲಾಗಲಿಲ್ಲ. ಹಾಲಿಗೆ ಹೋಗದೆ ವಾಪಸ್ ಮೆಟ್ಟಿಲು ಹತ್ತಿ ಎದುರುಮನೆಯ ಬಾಗಿಲು ತಟ್ಟಿದಳು.

ಜಮನಾ ಕಾಕು ರಾತ್ರಿಯೇ ಕೋಥರೂಡದಿಂದ ಬಂದುಬಿಟ್ಟಿದ್ದರು. ಮಂಚದ ತುಂಬ ಕಾಗದಗಳನ್ನು ಹರಡಿಕೊಂಡು ಒಬ್ಬರೇ ಕೂತಿದ್ದರು.

“ನೋಡು ಬೇಟಾ, ಕರೆಂಟ್ ಬಿಲ್ ಅವರ ಹೆಸರಲ್ಲಿ. ಬಾಡಿಗೆ ಕಾಗದ ಅವರ ಹೆಸರಲ್ಲಿ. ಗ್ಯಾಸ್ ಪುಸ್ತಕವೂ ಅಷ್ಟೆ,” ಎಂದು ಹಿಂದಿಯಲ್ಲಿ ಹೇಳುತ್ತ ಒಂದೊಂದೇ ಎತ್ತಿ ತೋರಿಸಿದರು. “ಇಷ್ಟು ವರ್ಷ ಈ ಮನೆಯಲ್ಲಿ ರೊಟ್ಟಿ ಬೇಯಿಸಿದ್ದೇನೆ. ನಾನು ಇಲ್ಲೇ ಇರುತ್ತೇನೆ ಅಂತ ಹೇಳೋ ಒಂದು ಚೀಟಿಯೂ ಇಲ್ಲ.”

“ಕಾಕು, ನಾನ ಹೇಳಿದ್ದು,” ಎಂದಳು ದೀಪಾಲಿ. “ನೀವು ಕೋಥರೂಡದಾಗ ರಾಹತಾತ ಅಂತ ಪೊಲೀಸರಿಗೆ ನಾನ ಹೇಳೀನಿ. ಮಧ್ವೇಶ ಮಾಮಾ ಏನೂ ಹೇಳಿಲ್ಲ.”

ಕಾಕುವಿನ ಕೈ ನಿಂತಿತು. ಹಿಡಿದಿದ್ದ ಗ್ಯಾಸ್ ಪುಸ್ತಕವನ್ನು ಮೆಲ್ಲಗೆ ಮಂಚದ ಮೇಲಿಟ್ಟರು. ಅವರು ಬೈದಿದ್ದರೇ ಚೆನ್ನಾಗಿತ್ತು ಎಂದು ದೀಪಾಲಿಗೆ ಅನ್ನಿಸಿತು.

“ಹೋಗಿದ್ದಾರೆ ಅನ್ನೋಕೆ ಹಾಗಂದೆಯಾ?”

ದೀಪಾಲಿ ತಲೆಯಾಡಿಸಿದಳು. ಕಣ್ಣು ತುಂಬಿತ್ತು.

“ರಾಹತಾತ ಅಂದರೆ ಅಲ್ಲೇ ವಾಸ ಮಾಡುತ್ತಾರೆ ಅಂತ. ಹೋಗಿದ್ದಾರೆ ಅನ್ನೋಕೆ ‘ಗೇಲ್ಯಾ ಆಹೇತ’ ಅನ್ನಬೇಕು. ಹೇಳು ನೋಡೋಣ.”

ದೀಪಾಲಿ ಹೇಳಿದಳು. ಕಾಕು ಸೆರಗಿನಿಂದ ಅವಳ ಮುಖ ಒರೆಸಿದರು. “ಕಾಗದ ಇಲ್ಲದಿದ್ದರೆ ಹೋಗಲಿ, ನೀನಿದ್ದೀಯಲ್ಲ. ನಡಿ, ನಿನ್ನಪ್ಪನನ್ನು ಕರಿ.”

ಠಾಣೆಯಲ್ಲಿ ಅದೇ ಹವಾಲ್ದಾರರು ಚಹಾ ಕುಡಿಯುತ್ತಿದ್ದರು. ಅಪ್ಪ ಒಂದು ಕಡೆ, ಕಾಕಾ ಮತ್ತು ಕಾಕು ಇನ್ನೊಂದು ಕಡೆ ನಿಂತರು. ನಡುವೆ ನಿಂತ ದೀಪಾಲಿ ಎಲ್ಲವನ್ನೂ ಮರಾಠಿಯಲ್ಲಿ ತಾನೇ ಹೇಳಿದಳು. ಎರಡು ಕಡೆ ತಡವರಿಸಿದಳು, ಆದರೆ ನಿಲ್ಲಿಸಲಿಲ್ಲ.

“ಅವತ್ತು ಅಷ್ಟು ಜೋರಾಗಿ ಹೇಳಿದೆಯಲ್ಲ, ನಾನು ಖರೆ ಅಂದುಕೊಂಡೆ,” ಎಂದರು ಹವಾಲ್ದಾರರು. ಲೋಟ ಕೆಳಗಿಟ್ಟು ಕಾಕಾನ ಕಡೆ ತಿರುಗಿದರು. “ಚಿಕ್ಕ ಹುಡುಗಿ ಹೇಳಿದ್ದನ್ನು ಒಂದು ಸಲ ಬರೆದು ತಪ್ಪು ಮಾಡಿದೆ. ಸಂಜೆ ಮನೆಗೇ ಬರುತ್ತೇನೆ. ಬೇರೆ ಮನೆಯ ದೊಡ್ಡವರು ಯಾರಾದರೂ ಸಹಿ ಹಾಕಲಿ.”

ಹೇಳಿದಂತೆಯೇ ಸಂಜೆ ಬಂದರು. ಮನೆಯನ್ನು ನೋಡಿದರು, ಕಾಕುವನ್ನು ಏನೇನೋ ಕೇಳಿದರು. ಸಹಿಗಾಗಿ ಅಪ್ಪ ಪೆನ್ನು ತೆಗೆದರೆ ಹವಾಲ್ದಾರರು ತಡೆದರು. “ನೀವು ಬಂದು ಒಂದೇ ವರ್ಷ ಆಗಿದೆ. ಹಳಬರು ಯಾರಿದ್ದಾರೆ?”

ಕಾಕಾ ನೆಲ ನೋಡಿದರು. ಕೊನೆಗೆ ಅಪ್ಪನೇ ಕೆಳಗೆ ಹೋಗಿ ಮಧ್ವೇಶ ಮಾಮಾನನ್ನು ಕರೆದುಕೊಂಡು ಬಂದರು.

“ಈ ಬಾಯಿ ಇಲ್ಲಿರ್ತಾರೇನಂತ ಕೇಳ್ತಾರೇನ್ರಿ?” ಮಧ್ವೇಶ ಮಾಮಾ ಅಪ್ಪನನ್ನು ಕೇಳುತ್ತ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. “ದಿನಾ ಮುಂಜಾನೆ ಇವರು ಮೆಟ್ಟಿಲ ಕಸ ಗುಡಸೂದು ಎಂಟು ವರ್ಷದಿಂದ ನೋಡಾಕತ್ತೀನಿ. ಎಲ್ಲಿ ಸಹಿ ಮಾಡ್ಲಿ?”

ಸಹಿಯಾಯಿತು. ಹವಾಲ್ದಾರರು ಕಾಗದ ಮಡಚಿದರು. “ಇಬ್ಬರದೂ ಒಟ್ಟಿಗೇ ಕಳಿಸುತ್ತೇನೆ,” ಎಂದು ಹೇಳಿ ಹೊರಟರು. ಅವರ ಬೈಕಿನ ಸದ್ದು ಗೇಟು ದಾಟಿತು. ಆಮೇಲೆ ಜಮನಾ ಕಾಕು ಮಂಚದ ಮೇಲೆ ದೊಪ್ಪನೆ ಕೂತು, ಅಳುತ್ತ ನಗತೊಡಗಿದರು. ಅಪ್ಪನೂ ನಕ್ಕರು. ದೀಪಾಲಿಯ ಎದೆಯ ಮೇಲಿಂದ ಚೀಲವೊಂದು ಇಳಿದಂತಾಯಿತು.

ಚಹಾ ಬಂತು. ಮಧ್ವೇಶ ಮಾಮಾ ಬಸಿಗೆ ಸುರಿದುಕೊಂಡು ಕೇಳಿದರು: “ಅಲ್ಲಾ, ಇವರು ಇಲ್ಲಿರಂಗಿಲ್ಲ ಅಂತ ಹೇಳಿದವ್ರು ಯಾರು?”

ಕಾಕಾ ಗಡಬಡಿಸಿದರು. “ಅದು... ಯಾರೋ...”

“ನಾನರೀ ಮಾಮಾ,” ಎಂದಳು ದೀಪಾಲಿ. “ನನಗ ಮರಾಠಿ ಇನ್ನಾ ಪೂರಾ ಬರಂಗಿಲ್ಲ.”

“ಅಷ್ಟ ಏನು? ಇಪ್ಪತ್ತು ವರ್ಷ ಆತು, ನನಗೂ ಬಂದಿಲ್ಲ,” ಎಂದು ಅವರು ಚಹಾ ಸೊರ್ರನೆ ಕುಡಿದರು.

ಬೆಳಿಗ್ಗೆ ಅಷ್ಟು ಭಾರವಿದ್ದ ಮಾತು ಈಗ ಎಷ್ಟು ಸಲೀಸಾಗಿ ಬಂತಲ್ಲ ಎಂದು ದೀಪಾಲಿಗೆ ಆಶ್ಚರ್ಯವಾಯಿತು. ಅಷ್ಟರಲ್ಲಿ ಖೇಮಚಂದ್ ಕಾಕಾ ತಮ್ಮ ಕುರ್ಚಿಯನ್ನು ಮಧ್ವೇಶ ಮಾಮಾನ ಪಕ್ಕಕ್ಕೆ ಎಳೆದುಕೊಂಡರು.

“ಮಧ್ವೇಶಜೀ, ನಾನೂ ನಿಮಗೆ ಒಂದು ಮಾತು ಹೇಳಬೇಕು,” ಎಂದರು ಸಣ್ಣ ದನಿಯಲ್ಲಿ.

ಅದು ಯಾವ ಮಾತೆಂದು ದೀಪಾಲಿಗೆ ಗೊತ್ತಿತ್ತು. ಹೇಳುವವರಿಗೆ ಅದು ಎಷ್ಟು ಕಷ್ಟ ಎಂಬುದೂ ಗೊತ್ತಿತ್ತು. ಅವಳು ಅಪ್ಪನ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಹೊರಗೆ ಬಂದ ಮೇಲೆ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದಳು.