ಹಮ್ರೊ ಉಸ್ತಾದರ ರೊಟ್ಟಿ

ನಾನು ಕ್ರೇನ್ ನಡೆಸುವವಳು, ಕಥೆ ಕಟ್ಟುವವಳಲ್ಲ. ತಾಷ್ಕೆಂಟಿನಾಚೆಯ ನಮ್ಮ ಉಕ್ಕಿನ ಕಾರ್ಖಾನೆಗೆ ಗುಜರಿಯಾಗಿ ಬರುವ ಹಳೇ ಟ್ರ್ಯಾಕ್ಟರು, ಮಂಚ, ಹಂಡೆಗಳನ್ನೆಲ್ಲ ಕುಲುಮೆಗೆ ಹಾಕುವ ಮೊದಲು ನಮ್ಮ ಹಿರಿಯ ಕೆಲಸಗಾರ ಹಮ್ರೊ ಉಸ್ತಾದರು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡುತ್ತಿದ್ದರು. ಬಾಯಿ ಮುಚ್ಚಿದ ಒಂದು ಸಿಲಿಂಡರ್ ಒಳಗೆ ಹೋದರೂ ಸಾಕು, ಕುಲುಮೆ ಸಿಡಿದು ಆಳುಗಳು ಸುಟ್ಟುಹೋಗುತ್ತಾರೆ.

ಹೋದ ಚಳಿಗಾಲ ಅವರು ಮಗಳ ಊರಿಗೆ ಹೊರಟರು. ನಮ್ಮಲ್ಲಿ ಪ್ರಯಾಣ ಹೊರಟವರೆಲ್ಲ ಮಾಡುವಂತೆ ರೊಟ್ಟಿಯನ್ನು ಒಂದು ತುತ್ತು ಕಚ್ಚಿ, ಉಳಿದದ್ದನ್ನು ಊಟದ ಕೋಣೆಯ ಮೊಳೆಗೆ ತೂಗುಹಾಕಿದರು. ತಿರುಗಿ ಬಂದು ತಿನ್ನಬೇಕಾದ ರೊಟ್ಟಿ ಅದು.

"ಇದು ಇಲಿ ಪಾಲಾದ್ರೆ ನಿನ್ ಕಿವಿ ಹಿಂಡ್ತೀನಿ ನೋಡು, ಮಗಳೇ," ಅಂದರು ನನಗೆ.

"ಬೇಗ ಬನ್ನಿ ಅಜ್ಜ. ಒಣಗಿದ್ಮೇಲೆ ಕಚ್ಚೋಕೆ ನಿಮ್ಗೆ ಹಲ್ಲೆಲ್ಲಿದೆ?" ಅಂದೆ.

ಅವರು ಮಗಳ ಊರಲ್ಲೇ ತೀರಿಕೊಂಡರು. ರೊಟ್ಟಿ ತೆಗೆಯಲು ನಮಗ್ಯಾರಿಗೂ ಮನಸ್ಸು ಬರಲಿಲ್ಲ.

ಈ ಬೇಸಿಗೆಯ ಒಂದು ಮಟಮಟ ಮಧ್ಯಾಹ್ನ ಕ್ರೇನಿನ ಅಯಸ್ಕಾಂತದಲ್ಲಿ ಗುಜರಿ ಎತ್ತಿ ಕುಲುಮೆಯ ತೊಟ್ಟಿಯ ಮೇಲೆ ತಂದಿದ್ದೆ. ಆ ಗುಜರಿಯೊಳಗಿಂದ ಟಣ್, ಟಣ್ ಎಂದು ಮೆಲ್ಲಗೆ ತಟ್ಟುವ ಸದ್ದು ಬಂತು. ನನ್ನ ಕ್ಯಾಬಿನ್ ತಣ್ಣಗಾಯಿತು; ಗಾಜಿನ ಮೇಲೆ ನನ್ನದೇ ಉಸಿರು ಮಂಜಾಗಿ ಕೂತಿತು.

"ಹಾಕಮ್ಮ ತಾಯಿ, ನಿದ್ದೆ ಹೋದ್ಯಾ?" ಕುಲುಮೆಯ ಆಳು ಇಕ್ರೋಮ್ ಕೆಳಗಿಂದ ಕೂಗಿದ.

ನಾನು ಎಲ್ಲವನ್ನೂ ನೆಲಕ್ಕಿಳಿಸಿದೆ. ನಡುವೆ ಬಾಯಿ ಮುಚ್ಚಿದ ಸಿಲಿಂಡರೊಂದಿತ್ತು. ಉರಿಬಿಸಿಲಲ್ಲೂ ಅದರ ಮೇಲೆ ಹಿಮ ಕಟ್ಟಿತ್ತು.

ನೀರು ಕುಡಿಯಲು ಊಟದ ಕೋಣೆಗೆ ಹೋದೆ. ಒಣಗಿ ಕಲ್ಲಾಗಿದ್ದ ರೊಟ್ಟಿ ಮೊಳೆಯಲ್ಲೇ ಇತ್ತು. ಅದರ ಇನ್ನೊಂದು ಬದಿಯಲ್ಲೂ ಈಗ ಕಚ್ಚಿದ ಗುರುತಿತ್ತು. ಅಲ್ಲಿ ಮಾತ್ರ ರೊಟ್ಟಿ ಮೆತ್ತಗಿತ್ತು, ಮುಟ್ಟಿದರೆ ಬಿಸಿ.