ತಂಗಿಯ ಮಾತು

"ಇದೇನು ಮೆನು ಕಾರ್ಡೋ, ಡಿಕ್ಷನರಿಯೋ? ಓದಿ ಮುಗಿಸೋಷ್ಟರಲ್ಲಿ ಹಸಿವೇ ಓಡಿಹೋಗುತ್ತೆ!" ಅಪ್ಪ ನಕ್ಕರು.

ಅಮ್ಮ ನಗಲಿಲ್ಲ. ಅಪ್ಪನಿಗೆ ಬೇಜಾರಾಗದಿರಲಿ ಎಂದು ಮಲ್ಲಿಯೇ ಸ್ವಲ್ಪ ಜೋರಾಗಿ ನಕ್ಕಳು.

ಮಲ್ಲಿ ಎಂಬುದು ಅವಳ ಸ್ಕೂಲಿನ ಹೆಸರಲ್ಲ. ಬಾಯಿ ತೆರೆದರೆ ಮುಚ್ಚುವುದೇ ಇಲ್ಲ ಎಂದು ಅಜ್ಜಿ ಅವಳಿಗೆ 'ಮಾತಿನಮಲ್ಲಿ' ಎಂದು ಹೆಸರಿಟ್ಟಿದ್ದಳು. ಕರೆದೂ ಕರೆದೂ ಅದು ಸವೆದು ಮಲ್ಲಿಯಾಗಿತ್ತು.

ಆದರೆ ಇವತ್ತು ಮನೆಯಿಂದ ಹೊರಡುವಾಗ ಅಪ್ಪ ಅವಳ ಕಿವಿಯಲ್ಲಿ ಹೇಳಿದ್ದರು. "ಪಾಪು ವಿಷಯ ಎತ್ತಬೇಡ ಪುಟ್ಟಾ. ಆಸ್ಪತ್ರೆಯಿಂದ ಬಂದ್ಮೇಲೆ ಅಮ್ಮ ಇವತ್ತೇ ಹೊರಗೆ ಬರ್ತಿರೋದು. ಖುಷಿಯಾಗಿ ಊಟ ಮಾಡ್ಕೊಂಡು ಬರೋಣ."

ಪಾಪು ಹುಟ್ಟಿತ್ತು. ಆದರೆ ಮನೆಗೆ ಬರಲಿಲ್ಲ. ಹುಟ್ಟಿದ ದಿನವೇ ತೀರಿಹೋಯಿತು ಎಂದು ಅಜ್ಜಿ ಹೇಳಿದ್ದಳು. ಮಲ್ಲಿಗೆ ಅದನ್ನು ನೋಡಲೂ ಸಿಗಲಿಲ್ಲ. ಪುಟಾಣಿ ಸಾಕ್ಸು, ಟೋಪಿ ಎಲ್ಲ ಒಂದು ಡಬ್ಬಕ್ಕೆ ಸೇರಿ ಬೀರುವಿನ ಮೇಲೆ ಹೋದವು. ಮಲ್ಲಿ ಏನಾದರೂ ಕೇಳಲು ಹೋದರೆ ದೊಡ್ಡವರೆಲ್ಲ ಕಣ್ಣಲ್ಲೇ ಗದರುತ್ತಿದ್ದರು.

ಕೆಫೆ ಅವರ ಬೀದಿಯ ತುದಿಯಲ್ಲೇ ಇತ್ತು. ಅಡುಗೆಮನೆಯ ಹಬೆಗೆ ಕಿಟಕಿಯ ಗಾಜು ಮಂಜಾಗಿತ್ತು. ಸೂಪು, ನೂಡಲ್ಸು, ಪಾಸ್ತಾ, ಆಮ್ಲೆಟ್ಟು, ಕೇಕು, ಅಲ್ಲಿ ಇಲ್ಲ ಎನ್ನುವಂಥದ್ದೇ ಇರಲಿಲ್ಲ. ಹೊಟ್ಟೆ ದೊಡ್ಡದಾಗಿದ್ದಾಗ ಅಮ್ಮ ಇಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದಳು. "ನನಗಲ್ಲಪ್ಪ, ಒಳಗಿರೋರಿಗೆ ಹಸಿವು!" ಎಂದು ಎರಡೆರಡು ಬಟ್ಟಲು ಟೊಮೇಟೊ ಸೂಪು ಕುಡಿಯುತ್ತಿದ್ದಳು.

"ನಿನಗೇನು ಹೇಳಲಿ?" ಅಪ್ಪ ಅಮ್ಮನನ್ನು ಕೇಳಿದರು.

"ಏನಾದ್ರೂ ಪರವಾಗಿಲ್ಲ."

'ಏನಾದ್ರೂ ಅನ್ನೋ ತಿಂಡಿ ಮೆನುವಲ್ಲಿ ಇಲ್ವಲ್ಲಮ್ಮ' ಎಂಬ ಮಾತು ಮಲ್ಲಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

ಅಷ್ಟರಲ್ಲಿ ಕೆಫೆ ನಡೆಸುವ ಆಂಟಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಅಯ್ಯೋ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ! ಪಾಪು ಎಲ್ಲಿ? ಅಜ್ಜಿ ಹತ್ರ ಬಿಟ್ಟು ಬಂದ್ರಾ? ಗಂಡೋ, ಹೆಣ್ಣೋ?"

ಅಪ್ಪ ಮೆನು ಕಾರ್ಡಿನೊಳಗೆ ಮುಖ ಹುದುಗಿಸಿದರು. "ಒಂದು ಪಾಸ್ತಾ... ಅಲ್ಲ, ನೂಡಲ್ಸ್... ಬಿಸಿ ಏನಿದೆ?"

ಅಮ್ಮ ಪೇಪರ್ ನ್ಯಾಪ್ಕಿನ್ನನ್ನು ಮಡಿಸಿದಳು. ಬಿಡಿಸಿದಳು. ಮತ್ತೆ ಮಡಿಸಿದಳು. ಆಂಟಿ ನಗುತ್ತ ಉತ್ತರಕ್ಕೆ ಕಾಯುತ್ತಲೇ ಇದ್ದರು. ಯಾರಾದರೂ ಏನಾದರೂ ಹೇಳಬಾರದೇ ಎನ್ನಿಸಿತು ಮಲ್ಲಿಗೆ.

"ಹೆಣ್ಣು ಆಂಟಿ. ನನ್ನ ತಂಗಿ. ಆದ್ರೆ... ಅವಳು ಉಳೀಲಿಲ್ಲ."

"ಮಲ್ಲೀ!" ಅಪ್ಪ ಗದರಿದರು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

ಆಂಟಿಯ ನಗು ಇಳಿದುಹೋಯಿತು. "ಗೊತ್ತಿರ್ಲಿಲ್ಲಮ್ಮ, ತಪ್ಪು ತಿಳ್ಕೋಬೇಡಿ" ಎಂದು ಅಮ್ಮನ ಭುಜ ಮುಟ್ಟಿ, ಸುಮ್ಮನೆ ಒಳಗೆ ಹೋದರು.

ಅಮ್ಮ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಸಾರಿ ಅಮ್ಮ. ನಾನು ಹೇಳಬಾರದಿತ್ತು."

ಅಮ್ಮ ಹಾಗಲ್ಲ ಎಂಬಂತೆ ತಲೆಯಾಡಿಸಿದಳು. ಮುಖದಿಂದ ಕೈ ತೆಗೆದು, "ತಂಗಿ ಅಂದೆ ನೀನು" ಎಂದಳು.

"ಹೂಂ."

"ಇಷ್ಟು ದಿನ ಯಾರೂ ಅವಳನ್ನ ಏನಂತಾನೂ ಕರೀಲಿಲ್ಲ ಕಣೇ. ಹೋಗ್ಲಿ ಬಿಡು, ಮರೆತುಬಿಡು ಅಂತಾರೆ. ಅವಳು ಬಂದೇ ಇರಲಿಲ್ಲವೇನೋ ಅನ್ನೋ ಹಾಗೆ."

"ನಿನಗೆ ನೋವಾಗುತ್ತೆ ಅಂತ..." ಅಪ್ಪ ತಡವರಿಸಿದರು.

"ನೋವು ಹೇಗಿದ್ರೂ ಆಗುತ್ತಲ್ಲ ರೀ."

ಮಲ್ಲಿ ಕುರ್ಚಿಯನ್ನು ಅಮ್ಮನ ಹತ್ತಿರ ಎಳೆದುಕೊಂಡಳು. ತಿಂಗಳಿಂದ ಗಂಟಲಲ್ಲೇ ಕೂತಿದ್ದ ಪ್ರಶ್ನೆಯನ್ನು ಮೆಲ್ಲಗೆ ಕೇಳಿದಳು. "ಅವಳು ಯಾರ ಥರ ಇದ್ಲಮ್ಮ?"

ಅಮ್ಮ ಕಣ್ಣೊರೆಸಿಕೊಂಡಳು. "ಮೂಗು ಥೇಟ್ ನಿಂದೇ. ಕೂದಲು ಮಾತ್ರ ನಿಮ್ಮಪ್ಪಂದು. ಹೇಳಿದ ಮಾತು ಕೇಳದ ಕೂದಲು. ನೆಟ್ಟಗೆ ಎದ್ದು ನಿಂತಿತ್ತು."

ಅಪ್ಪನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಅವರು ನಗಲು ಹೋದರು. ಆಗಲಿಲ್ಲ.

"ನನ್ನ ಬೆರಳು ಹಿಡ್ಕೊಂಡಿದ್ಲು" ಎಂದರು ಅಮ್ಮನಿಗೆ. "ನಿನಗಿನ್ನೂ ಎಚ್ಚರ ಆಗಿರ್ಲಿಲ್ಲ. ನರ್ಸು ನನ್ನ ಕೈಗೆ ಕೊಟ್ರು. ಅಷ್ಟು ಸಣ್ಣ ಕೈ... ಬಿಡಲೇ ಇಲ್ಲ ಅವಳು." ಅವರು ಬಿಕ್ಕಿದರು.

ಅಪ್ಪ ಅಳುವುದನ್ನು ಮಲ್ಲಿ ಯಾವತ್ತೂ ನೋಡಿರಲಿಲ್ಲ. ಅಮ್ಮನೂ ನೋಡಿರಲಿಲ್ಲವೇನೋ. ಅವಳೂ ಬೆರಗಾಗಿ ಅವರನ್ನೇ ನೋಡುತ್ತಿದ್ದಳು.

"ನೀವು ನನಗೆ ಹೇಳಲೇ ಇಲ್ಲ."

"ಹೇಗೆ ಹೇಳಲಿ?"

"ಯಾವ ಬೆರಳು?"

ಅಪ್ಪ ಎಡಗೈಯ ತೋರುಬೆರಳನ್ನು ಚಾಚಿದರು. ಅಮ್ಮ ಅದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

ಮಲ್ಲಿಗೆ ಕೇಳುವುದು ಇನ್ನೂ ರಾಶಿ ಇತ್ತು. ತಂಗಿ ಕಣ್ಣು ಬಿಟ್ಟಿದ್ದಳೇ? ಅತ್ತಿದ್ದಳೇ? ತನ್ನ ಬಗ್ಗೆ ಯಾರಾದರೂ ಅವಳಿಗೆ ಹೇಳಿದ್ದರೇ? ಬಾಯಿ ತೆರೆದವಳು ಇಬ್ಬರ ಮುಖ ನೋಡಿ ಸುಮ್ಮನಾದಳು.

ಆಂಟಿ ಆರ್ಡರ್ ತೆಗೆದುಕೊಳ್ಳಲು ಮತ್ತೆ ಇತ್ತ ಬರುತ್ತಿದ್ದರು. ಮಲ್ಲಿ ಮೆಲ್ಲನೆ ಕುರ್ಚಿಯಿಂದಿಳಿದು, ಟೇಬಲ್ಲುಗಳ ಸಂದಿಯಲ್ಲಿ ನುಸುಳಿ, ಅವರಿಗೆ ಎದುರಾದಳು.

"ಇನ್ನೂ ಸ್ವಲ್ಪ ಹೊತ್ತಾಗುತ್ತೆ ಆಂಟಿ" ಎಂದಳು ಪಿಸುದನಿಯಲ್ಲಿ. "ಅವರು ಮಾತಾಡ್ತಿದ್ದಾರೆ."