ಒಳಕೋಣೆಯ ಬಿಳಿ ಪೆಟ್ಟಿಗೆ

"ಈ ಪೆಟ್ಟಿಗೆಯೂ ಬೇಡ... ಈ ಸಂಬಂಧವೂ ಬೇಡ!"

ಝುಲೈಖಾ ವೈಫೈಯ ಬಿಳಿ ಪೆಟ್ಟಿಗೆಯನ್ನು ಜಗಲಿಯ ಮೇಲೆ ಕುಕ್ಕಿದಳು. ಎದುರಿಗಿದ್ದವನು ಇಮ್ತಿಯಾಝ್. ಪುತ್ತೂರು ಬಳಿಯ ಸವಣೂರು ಪೇಟೆಯಲ್ಲಿ ಮನೆಮನೆಗೆ ವೈಫೈ ಹಾಕಿಕೊಡುವವನು, ಬರುವ ತಿಂಗಳು ಅವಳನ್ನು ಮದುವೆಯಾಗಬೇಕಿದ್ದವನು.

ಮದುವೆ ಗೊತ್ತಾಗಿ ಆರು ತಿಂಗಳಾಗಿದ್ದರೂ ಇಬ್ಬರೂ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ಮಾತೂ ಎಂಥದ್ದು!

ಅವಳ ತಂದೆ, ಉಪ್ಪ ಕಾಸಿಂ, ಸೌದಿಯ ದಮ್ಮಾಮಿನ ಆಸ್ಪತ್ರೆಯಲ್ಲಿ ತೀರಿಕೊಂಡು ಮೂರು ದಿನ. ದಫನವೂ ಅಲ್ಲೇ ಆಯಿತು. ಮನೆಯವರ ಪಾಲಿಗೆ ಬಂದದ್ದು ಕೊನೆಯ ಒಂದು ವಿಡಿಯೋ ಕಾಲ್ ಮಾತ್ರ.

ಆ ದಿನ ಪುತ್ತೂರಿನ ಬಸ್ಸಿಳಿದು ಝುಲೈಖಾ ಓಡಿ ಬಂದಾಗ ತಾಯಿ, ಉಮ್ಮ ಸಫಿಯಮ್ಮ, ಒಳಕೋಣೆಯಲ್ಲಿ ಫೋನ್ ಹಿಡಿದು ಕೂತಿದ್ದರು. "ಝುಲೈ... ನೀನು ಇನ್ನು..." ಎಂದರು ಉಪ್ಪ. ಅಷ್ಟಕ್ಕೇ ಚಿತ್ರ ನಿಂತಿತು. ಬಾಯಿ ತೆರೆದೇ ಇದೆ, ಸ್ವರ ಇಲ್ಲ! ಜಗಲಿಯ ವೈಫೈ ಪೆಟ್ಟಿಗೆ ಒಳಕೋಣೆಗೆ ಸಾಲದೆಂದು ಇಮ್ತಿಯಾಝ್ ಹಾಕಿಕೊಟ್ಟಿದ್ದ ಎರಡನೆಯ ಬಿಳಿ ಪೆಟ್ಟಿಗೆ ಉಮ್ಮನ ಮೊಣಕೈ ಪಕ್ಕದಲ್ಲೇ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ನಾಲ್ಕನೆಯ ಸಲ ಕರೆ ಮಾಡಿದಾಗ ನರ್ಸ್ ಸಾವಿನ ಸುದ್ದಿ ಹೇಳಿದಳು.

"ಗಲ್ಫಿನ ಕಾಲ್ ನೀರಿನ ಹಾಗೆ ಬರ್ತದೆ ಅಂತ ಉಮ್ಮನ ಹತ್ರ ಅಂದದ್ದು ನೀವೇ ಅಲ್ವಾ?" ಝುಲೈಖಾ ಇಮ್ತಿಯಾಝನನ್ನು ಕೇಳಿದಳು. " ಉಪ್ಪ ಎಂತ ಹೇಳ್ಲಿಕ್ಕೆ ಹೊರಟದ್ದು ಅಂತ ನನಗೆ ಯಾರು ಹೇಳುದು ಈಗ?"

ಇಮ್ತಿಯಾಝ್ ತನ್ನ ಫೋನಿನಲ್ಲಿ ಆ ಪೆಟ್ಟಿಗೆಯ ಆ್ಯಪ್ ತೆರೆದು ನೋಡುತ್ತಾ ಹೋದ. ಒಂದು ಕಡೆ ಅವನ ಬೆರಳು ನಿಂತಿತು.

ಆಗ ಅರ್ಧ ಮುಚ್ಚಿದ ಬಾಗಿಲ ಹಿಂದಿನಿಂದ ಸಫಿಯಮ್ಮನ ಸ್ವರ ಬಂತು. ಗಂಡ ತೀರಿದ ಮೇಲೆ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ 'ಇದ್ದಾ' ನಡೆಯುತ್ತಿತ್ತು, ಹೊರಗಿನ ಗಂಡಸರ ಎದುರು ಬರುವಂತಿಲ್ಲ.

"ಎಂತ ಆದದ್ದು ಮಗಾ? ನನ್ನಿಂದ ಏನಾದ್ರೂ..."

ಅವನು ಫೋನನ್ನು ಜೇಬಿಗೆ ಹಾಕಿದ.

"ಇಲ್ಲ ಉಮ್ಮ. ನನ್ನ ಸೆಟ್ಟಿಂಗೇ ತಪ್ಪಿದ್ದು. ಫೋನು ಈ ಪೆಟ್ಟಿಗೆಯ ಸ್ಪೀಡಿನ ಸಿಗ್ನಲಿಗೆ ಹೋಗ್ಲಿಲ್ಲ."

ಒಪ್ಪಿಕೊಂಡೇಬಿಟ್ಟನಲ್ಲ! 'ನನ್ನ ತಪ್ಪಲ್ಲ' ಎಂದು ಒಂದು ಮಾತು ವಾದಿಸಬಾರದಿತ್ತೇ? ಝುಲೈಖಾಳ ಎದೆ ಉರಿದುಹೋಯಿತು.

"ಪೆಟ್ಟಿಗೆ ಇರಲಿ, ನೀವು ಆನ್‌ಲೈನಿನಲ್ಲಿ ಪಾಠ ಮಾಡ್ಲಿಕ್ಕೆ ಬೇಕು" ಎಂದು, ಉಮ್ಮ ಅಡುಗೆಮನೆಗೆ ಸರಿದ ಮೇಲೆ ಅವನೇ ಒಳಕೋಣೆಯಲ್ಲಿ ಅದನ್ನು ಜೋಡಿಸಿ, ತಲೆ ತಗ್ಗಿಸಿ ಹೊರಟ.

ಮದುವೆ ಮುರಿಯಿತು. ಅವಳು ಹೇಳಿದ್ದು ಊರಿನ ಬಾಯಿಗೆ ಬಿತ್ತು. ಊರಿನ ಬಾಯಿ ಮುಚ್ಚುವವರುಂಟೇ? 'ಸಾಯುವವನ ಮಾತು ನುಂಗಿದವ' ಎಂದು ಪಕ್ಕದೂರು ಪೆರಾಬೆಯ ಗಿರಾಕಿಗಳೂ ಅವನನ್ನು ಬಿಟ್ಟರು. ಅವನು ಮಾತ್ರ ತುಟಿ ಬಿಚ್ಚಲಿಲ್ಲ.

ಏಪ್ರಿಲ್ ಬಂತು. ಉಮ್ಮನ ಇದ್ದಾ ಮುಗಿದಿತ್ತು. ಒಂದು ಮಧ್ಯಾಹ್ನ ಝುಲೈಖಾ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಗಲ್ಫಿನ ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದಾಗ ಕಡಬದ ಕಡೆಯಿಂದ ಗುಡುಗಿತು. ಈ ಊರಿನಲ್ಲಿ ಗುಡುಗಿದರೆ ಮೊದಲು ಪ್ಲಗ್, ಆಮೇಲೆ ಅಂಗಳದ ಬಟ್ಟೆ. ಉಮ್ಮ ಟಿವಿ, ಫ್ರಿಜ್, ಬಿಳಿ ಪೆಟ್ಟಿಗೆ ಎಲ್ಲದರ ಪ್ಲಗ್ ತೆಗೆದರು; ಜಗಲಿಯ ಎತ್ತರದ ಪೆಟ್ಟಿಗೆ ಮಾತ್ರ ಹಾಗೇ ಉಳಿಯಿತು. ಗುಡುಗು ದೂರವಾದ ಮೇಲೆ ಮತ್ತೆ ಹಾಕಿದರು.

ಹಸಿರು ದೀಪ ಬಂತು. ಆದರೆ ಪರದೆಯ ಮೇಲೆ ಮಕ್ಕಳ ಮುಖ ತೆರೆದ ಬಾಯಲ್ಲೇ ನಿಂತಿತ್ತು.

ಉಪ್ಪನ ಹಾಗೆ...

ಆರು ತಿಂಗಳ ಹಟ ಬಿಟ್ಟು ಝುಲೈಖಾ ಇಮ್ತಿಯಾಝನಿಗೆ ಫೋನ್ ಮಾಡಿದಳು.

"ಪೆಟ್ಟಿಗೆ ಪಕ್ಕದಲ್ಲೇ ಉಂಟು. ಆದ್ರೂ ನಿಲ್ತಾ ಉಂಟು."

"ಲ್ಯಾಪ್‌ಟಾಪಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ."

ಮಾಡಿದಳು. ಮಕ್ಕಳು ನಗುತ್ತಾ ಎದ್ದು ಬಂದರು.

"ಯಾಕೆ ಹೀಗೆ?"

"ಒಳಗಿನ ಪೆಟ್ಟಿಗೆಯ ಪ್ಲಗ್ ತೆಗೆದ್ರೆ ಲ್ಯಾಪ್‌ಟಾಪು ಜಗಲಿಯ ಪೆಟ್ಟಿಗೆಯ ನಿಧಾನದ ಸಿಗ್ನಲನ್ನು ಹಿಡ್ಕೊಳ್ತದೆ. ಹತ್ತಿರದ್ದು ಮತ್ತೆ ಬಂದ್ರೂ ಬಿಡುದಿಲ್ಲ, ನಾವೇ ಬಿಡಿಸ್ಬೇಕು. ಫೋನೂ ಹಾಗೆಯೇ..." ಅವನು ತಟ್ಟನೆ ಮಾತು ನಿಲ್ಲಿಸಿದ.

"ಉಪ್ಪ ಹೋದ ದಿನವೂ ಗುಡುಗಿತ್ತು" ಎಂದಳು ಝುಲೈಖಾ.

"ಅದೆಲ್ಲ ಹಳೇ ಮಾತು, ಬಿಡಿ" ಎಂದ ಅವನು.

"ನಿಮಗೆ ಗೊತ್ತಿತ್ತು! ಗೊತ್ತಿದ್ದೂ ನಿಮ್ಮ ತಪ್ಪು ಅಂತ ಯಾಕೆ ಹೇಳಿದ್ದು? ನಾನು ಊರಿಡೀ ನಿಮ್ಮನ್ನು..."

"ಪೆಟ್ಟಿಗೆ ಯಾವಾಗ ಆಫ್ ಆದದ್ದು ಅಂತ ಆ್ಯಪಿನಲ್ಲಿತ್ತು. ಆದ್ರೆ ಬಾಗಿಲ ಹಿಂದೆ ನಿಮ್ಮ ಉಮ್ಮ ಇದ್ರು, ಝುಲೈಖಾ. ಗಂಡನ ಕೊನೆಯ ಮಾತು ತನ್ನ ಕೈಯಿಂದಲೇ ಹೋಯ್ತು ಅಂತ ಗೊತ್ತಾದ್ರೆ ಅವರು ಹೇಗೆ ಬದುಕುದು? ನಾನಾದ್ರೆ ಬೈಗುಳ ತಿಂದು ಹೇಗಾದ್ರೂ ಬದುಕ್ತೇನೆ."

ಝುಲೈಖಾ ಬಿಕ್ಕಿ ಬಿಕ್ಕಿ ಅತ್ತಳು. ಉಪ್ಪನ ಆ ಅರ್ಧ ಮಾತು ಇನ್ನೆಂದೂ ಪೂರ್ತಿಯಾಗುವುದಿಲ್ಲ. ಅದರ ಜೊತೆಗೆ ಇಂಥವನನ್ನೂ ತಾನೇ ಕೈಯಾರೆ ಕಳೆದುಕೊಂಡೆನಲ್ಲ!

"ಎಂತಕ್ಕೆ ಅಳುದು ಮಗಳೇ?" ಬಾಗಿಲಲ್ಲಿ ಉಮ್ಮ, ತೋಳಿನ ಮೇಲೆ ಅಂಗಳದಿಂದ ತಂದ ಬಟ್ಟೆ. "ನಾನು ಪ್ಲಗ್ ತೆಗೆದು ಪಾಠ ಹಾಳಾಯ್ತಾ? ಅವತ್ತು ಕೂಡ ನಾನು..." ಉಮ್ಮನ ಕಣ್ಣು ಪೆಟ್ಟಿಗೆಯ ಮೇಲೆ ನೆಟ್ಟಿತು. ಮುಖ ಬಿಳಿಚಿತು.

ಝುಲೈಖಾ ಫೋನ್ ಹಿಡಿದುಕೊಂಡೇ ಎದ್ದು ನಿಂತಳು.

"ಅದಕ್ಕಲ್ಲ ಉಮ್ಮ! ಇಮ್ತಿಯಾಝ್ ಫೋನಿನಲ್ಲಿದ್ದಾರೆ. ಅವತ್ತಿನ ತಪ್ಪಿಗೆ ಕ್ಷಮೆ ಕೇಳ್ತಾ ಇದ್ದಾರೆ. ಸೆಟ್ಟಿಂಗ್ ಅವರದ್ದೇ ತಪ್ಪಿದ್ದಂತೆ."

ಉಮ್ಮ ಹಿಡಿದಿಟ್ಟ ಉಸಿರು ಬಿಟ್ಟರು. "ಪಾಪ... ಕ್ಷಮಿಸಿಬಿಡು ಮಗಳೇ. ಯಾರಾದ್ರೂ ಬೇಕಂತ ಮಾಡ್ತಾರಾ?" ಎನ್ನುತ್ತಾ ಬಟ್ಟೆ ಮಡಚಲು ಹೋದರು.

"ಕೇಳಿದಿರಾ?" ಝುಲೈಖಾ ಪಿಸುಗುಟ್ಟಿದಳು.

"ಕೇಳಿದೆ."

"ಇನ್ನು ಈ ಸುಳ್ಳನ್ನು ನೀವೊಬ್ಬರೇ ಹೊರುದು ಬೇಡ."

"ಅಂದ್ರೆ?"

"ಅಂದ್ರೆ... ಮದುವೆ ಮಾತಿಗೆ ನಿಮ್ಮ ಉಮ್ಮನನ್ನು ಮತ್ತೊಮ್ಮೆ ನಮ್ಮ ಮನೆಗೆ ಕಳಿಸಿ ಮಾರಾಯ್ರೆ!"

ಝುಲೈಖಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಇದ್ದೀರಾ? ಸ್ವರ ಕೇಳ್ತಾ ಇಲ್ಲ... ನೆಟ್‌ವರ್ಕ್ ಇಲ್ವಾ?"

"ನೆಟ್‌ವರ್ಕ್ ಉಂಟು ಝುಲೈಖಾ..." ಎಂದ ಅವನು. "ಇದ್ದೇನೆ. ಇಷ್ಟು ದಿನವೂ ಇದ್ದೆ."